ವಿಕಿರಣದ ಸುಡುಗಾಯಕ್ಕೆ ಅರಿಷಿಣ ಆದೀತೇ?

ಫೆಬ್ರುವರಿ-ಮಾರ್ಚ್ ಬಂತೆಂದರೆ ನಮ್ಮ ರಬಕವಿ, ತೇರದಾಳದ ಸುತ್ತಿನ ಹೊಲಗಳಲ್ಲಿ ಅರಿಷಿಣ ಕುದಿಸುವ ಕೆಲಸ ಸುರುವಾಗುತ್ತದೆ. ಕುದಿಸಿ, ಒಣಗಿಸಿ, ಹೊಳಪು ಕೊಟ್ಟ ಅರಿಷಿಣ ಸಾಂಗಲಿ ಪೇಟೆಗೆ ಹೋಗುತ್ತದೆ. ಬೆರಳು ಕೊಯ್ದುಕೊಂಡರೆ ಚಿಟಿಕೆ ಅರಿಷಿಣ ಒತ್ತುವುದು ನಮ್ಮ ಮನೆಗಳ ಮೊದಲ ಮದ್ದು. ಇದೇ ಅರಿಷಿಣ, ಕ್ಯಾನ್ಸರ್ ಚಿಕಿತ್ಸೆಯ ಕಿರಣಗಳಿಂದ ಕೆಂಪಾಗಿ ಸುಲಿದ ಚರ್ಮಕ್ಕೂ ಆದೀತೇ? ಈ ಪ್ರಶ್ನೆಯನ್ನು ನಮ್ಮ ರಾಜ್ಯದಲ್ಲಿಯೇ ಪರೀಕ್ಷೆಗೆ ಒಡ್ಡಿದ್ದಾರೆ.

ಈ ಚಿಕಿತ್ಸೆಗೆ ಜನ ‘ಕರೆಂಟು ಕೊಡಿಸುವುದು’ ಎನ್ನುತ್ತಾರೆ. ಆದರೆ ಮೈಯಲ್ಲಿ ವಿದ್ಯುತ್ ಹಾಯಿಸುವುದಿಲ್ಲ. ಎಕ್ಸ್-ಕಿರಣದಂಥ ಹೆಚ್ಚು ಶಕ್ತಿಯ ಕಿರಣಗಳನ್ನು ಗಂಟಿನ ಮೇಲೆ ಬಿಡುತ್ತಾರೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ದಿನಕ್ಕೆ ಸುಮಾರು 2 ಗ್ರೇ, ವಾರಕ್ಕೆ 5 ದಿನ, ಹೀಗೆ 6-7 ವಾರಗಳಲ್ಲಿ 60ರಿಂದ 70 ಗ್ರೇ ಆಗುತ್ತದೆ.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಒಂದು ಗ್ರೇ ಎಂದರೆ ಒಂದು ಕಿಲೋಗ್ರಾಂ ವಸ್ತು ಹೀರಿದ ಒಂದು ಜೂಲ್ ಶಕ್ತಿ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,200 ಜೂಲ್ ಬೇಕು. ಅಂದರೆ 70 ಗ್ರೇಯನ್ನು ಒಮ್ಮೆಲೇ ಕೊಟ್ಟರೂ ನೀರು ಬಿಸಿಯಾಗುವುದು ಡಿಗ್ರಿಯ ಅರವತ್ತನೇ ಒಂದು ಪಾಲು ಮಾತ್ರ! ಹಾಗಾದರೆ ಚರ್ಮ ಸುಡುವುದು ಯಾತರಿಂದ?

ಕಾವಿನಿಂದಲ್ಲ. ಕಿರಣಗಳು ಜೀವಕೋಶದೊಳಗಿನ ನೀರಿನ ಅಣುಗಳನ್ನು ಒಡೆಯುತ್ತವೆ. ಆ ಚೂರುಗಳು ಬಹಳ ಚುರುಕು. ಅವು ಕೋಶದ ಡಿಎನ್‌ಎಯನ್ನು ಕೆಡಿಸುತ್ತವೆ. ನಮ್ಮ ಹೊರಚರ್ಮದ ತಳದಲ್ಲಿ ಹೊಸ ಕೋಶಗಳು ಹುಟ್ಟುತ್ತ, ಮೇಲೇರುತ್ತ, ಕೆಲವು ವಾರಗಳಲ್ಲಿ ಉದುರುತ್ತವೆ. ತಳದ ಕೋಶಗಳೇ ಸತ್ತರೆ ಉದುರಿದ್ದರ ಜಾಗಕ್ಕೆ ಹೊಸದು ಬರುವುದಿಲ್ಲ. ಆದುದರಿಂದಲೇ ಗಾಯ ಮೊದಲ ದಿನ ಕಾಣದೆ ಎರಡು-ಮೂರು ವಾರಗಳ ಮೇಲೆ ಕಾಣುತ್ತದೆ. ಮೊದಲು ಕೆಂಪು, ಆಮೇಲೆ ಕಪ್ಪು, ಕೆಲವರಿಗೆ ಸುಲಿದು ನೀರಾಡುತ್ತದೆ.

ಇದಕ್ಕೆ ಸಸ್ಯಗಳಲ್ಲಿ ಮದ್ದು ಹುಡುಕುವ ಯತ್ನ ಹೊಸದಲ್ಲ. ಎಕ್ಸ್-ಕಿರಣದ ಗಾಯಕ್ಕೆ ಲೋಳೆಸರದ ಹಸಿ ಎಲೆ ಹಚ್ಚಿ ಗುಣ ಕಂಡೆವೆಂದು ಅಮೆರಿಕದ ವೈದ್ಯರು 1935ರಲ್ಲಿ ಬರೆದರು. ಲೋಳೆಸರಕ್ಕೆ ದೊಡ್ಡ ಹೆಸರು ಬಂತು. ಆದರೆ 1996ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 194 ಮಹಿಳೆಯರಿಗೆ, ಕೆಲವರಿಗೆ ಲೋಳೆಸರದ ಜೆಲ್, ಉಳಿದವರಿಗೆ ಅದರಂತೆಯೇ ತೋರುವ ಬರಿಯ ಜೆಲ್ ಕೊಟ್ಟು ನೋಡಿದಾಗ ಎರಡೂ ಗುಂಪಿನ ಗಾಯಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇನ್ನು ಅರಿಷಿಣ. ಅದರ ಹಳದಿ ಬಣ್ಣ ಕರ್ಕ್ಯುಮಿನ್ ಎಂಬ ವಸ್ತುವಿನದು. ಅದು ಚುರುಕು ಚೂರುಗಳನ್ನು ತಣಿಸುತ್ತದೆ, ಉರಿಯೂತ ಇಳಿಸುತ್ತದೆ ಎಂದು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಮಂಗಳೂರಿನ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜಿನ ಸಂಶೋಧಕರು ತಲೆ-ಕುತ್ತಿಗೆಯ ಕ್ಯಾನ್ಸರಿನ 50 ರೋಗಿಗಳನ್ನು 25ರಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಅರಿಷಿಣ ಮತ್ತು ಶ್ರೀಗಂಧದ ಎಣ್ಣೆಯಿರುವ, ಅಂಗಡಿಯಲ್ಲಿ ಸಿಗುವ ಕ್ರೀಮು. ಇನ್ನೊಂದಕ್ಕೆ ಮಕ್ಕಳ ಮೈಗೆ ಹಚ್ಚುವ ಎಣ್ಣೆ. ಮೊದಲ ದಿನದಿಂದಲೇ ದಿನಕ್ಕೆ ಐದು ಸಲ ಹಚ್ಚಿಸಿದರು. ಏಳನೇ ವಾರದ ಹೊತ್ತಿಗೆ ಎರಡೂ ಗುಂಪಿನವರ ಚರ್ಮ ಕೆಟ್ಟಿತ್ತು. ಆದರೆ ಕ್ರೀಮು ಹಚ್ಚಿದವರಲ್ಲಿ ತೀವ್ರ ಗಾಯ ಕಡಿಮೆಯಿತ್ತು. ಈ ವರದಿ 2014ರಲ್ಲಿ ಬ್ರಿಟನ್ನಿನ ವಿಕಿರಣ ವಿಜ್ಞಾನದ ಪತ್ರಿಕೆಯಲ್ಲಿ ಬಂತು.

ಸಂತೋಷದ ಸುದ್ದಿಯೇ ಸರಿ. ಆದರೂ ಐವತ್ತು ಜನ ಸಣ್ಣ ಲೆಕ್ಕ. ಗುಣ ಅರಿಷಿಣದ್ದೋ, ಶ್ರೀಗಂಧದ್ದೋ, ಕ್ರೀಮಿನ ಜಿಡ್ಡಿನದೋ ಎಂಬುದು ಇದರಿಂದ ತಿಳಿಯುವುದಿಲ್ಲ. ಲೋಳೆಸರದ ಪಾಠವನ್ನು ಇಲ್ಲಿ ಮರೆಯಬಾರದು. ಗಾಯಕ್ಕೆ ಅರಿಷಿಣ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟಿದ್ದ ಪೇಟೆಂಟನ್ನು ನಮ್ಮ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ರದ್ದು ಮಾಡಿಸಿತಲ್ಲ, ಅಲ್ಲಿ ಸಿದ್ಧವಾದದ್ದು ಇದು ನಮಗೆ ಹಳೆಯ ತಿಳಿವಳಿಕೆ ಎಂಬುದು. ಹಳೆಯದು ಎಂಬುದು ಬೇರೆ, ಗುಣ ಕೊಡುತ್ತದೆ ಎಂಬುದು ಬೇರೆ. ಎರಡನೆಯದನ್ನು ಪ್ರತಿ ರೋಗಕ್ಕೂ ಬೇರೆಯಾಗಿಯೇ ಪರೀಕ್ಷಿಸಬೇಕು.

ಪಾಲಕರಿಗೆ ಒಂದು ಮಾತು. ಹುಬ್ಬಳ್ಳಿಗೋ ಮಿರಜಿಗೋ ಚಿಕಿತ್ಸೆಗೆ ಹೋಗಿಬರುವ ಹಿರಿಯರು ಮನೆಯಲ್ಲಿದ್ದರೆ ಡಬ್ಬಿಯ ಅರಿಷಿಣಪುಡಿ ಕಲಸಿ ಹಚ್ಚಬೇಡಿರಿ. ಪುಡಿಯಲ್ಲಿ ಧೂಳು, ರೋಗಾಣು ಇರುತ್ತವೆ. ಸುಲಿದ ಚರ್ಮ ಅವಕ್ಕೆ ತೆರೆದ ಬಾಗಿಲು. ತಿಕ್ಕಿದರೆ ಚಿಕಿತ್ಸೆಗಾಗಿ ಮೈಮೇಲೆ ಹಾಕಿದ ಗುರುತೂ ಅಳಿದೀತು. ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನು, ಸಡಿಲವಾದ ಹತ್ತಿಬಟ್ಟೆ, ಬಿಸಿಲಿನಿಂದ ಮರೆ ಇವು ಸಾಕು. ಯಾವ ಮುಲಾಮು, ಯಾವ ಹೊತ್ತಿಗೆ ಎಂಬುದನ್ನು ಚಿಕಿತ್ಸೆ ಕೊಡುವ ವೈದ್ಯರನ್ನೇ ಕೇಳಿರಿ.

ಮಕ್ಕಳೇ, ನಿಮಗೂ ಒಂದು ಮಾತು. ಹೊರಗಿನ ಯಂತ್ರದಿಂದ ಕಿರಣ ಪಡೆದು ಬಂದ ಅಜ್ಜನ ಮೈಯಿಂದ ವಿಕಿರಣ ಸೂಸುವುದಿಲ್ಲ. ಯಂತ್ರ ನಿಂತೊಡನೆ ಕಿರಣವೂ ನಿಂತಿತು. ದೂರ ಸರಿಯಬೇಡಿರಿ, ಹತ್ತಿರ ಕುಳಿತು ಮಾತಾಡಿರಿ.