ಬೆನ್ನಿಗೂ ಕಾರಿಗೂ ಒಂದೇ ಡೇರೆ

ಶುಕ್ರವಾರ ಸಂಜೆ ನೆಲಮಂಗಲದ ಜಂಕ್ಷನ್‌ನಲ್ಲಿ ನಿಂತರೆ ಸಾಕು. ಬೆಂಗಳೂರಿನಿಂದ ಹಾಸನದ ಕಡೆ ತಿರುಗುವ ಕಾರುಗಳ ನೆತ್ತಿಯ ಮೇಲೆ ಗಂಟುಮೂಟೆ, ಅದರಲ್ಲೊಂದು ಡೇರೆ. ಕಳೆದ ಮಳೆಗಾಲದಲ್ಲಿ ನನ್ನ ಆಪಾಳ ಮಗನೂ ಹೆಂಡತಿ, ಮಗುವಿನೊಂದಿಗೆ ಹೀಗೆಯೇ ಸಕಲೇಶಪುರದತ್ತ ಹೊರಟಿದ್ದ. ಅಗ್ಗಕ್ಕೆ ಕೊಂಡ ಡೇರೆ ನಡುರಾತ್ರಿ ಸೋರಿತು, ಗಾಳಿಗೆ ಕೋಲು ಸೀಳಿತು. ಮೂವರೂ ಕಾರಿನೊಳಗೆ ಕುಳಿತು ಬೆಳಗು ಮಾಡಿದರು. ಮಗುವಿಗೆ ವಾರವಿಡೀ ಜ್ವರ.

"ಮಾಮೂ, ಈ ಸಲ ಗಟ್ಟಿಯಾದದ್ದೇ ಕೊಳ್ಳುತ್ತೇನೆ. ಕಾರಿಗೂ ಆಗಬೇಕು, ಬೆಟ್ಟ ಹತ್ತುವಾಗ ಬೆನ್ನಿಗೂ ಆಗಬೇಕು" ಎಂದ. ಅವನಿಗೆ ಹೇಳಿದ್ದನ್ನೇ ಓದುಗರಿಗೂ ಹೇಳುತ್ತೇನೆ.

ಮೊದಲನೆಯದು ತೂಕ. ಬೆನ್ನು ಹೊರುವ ಡೇರೆಯನ್ನು ಕಾರು ಹೊರುತ್ತದೆ. ಕಾರು ಹೊರುವುದನ್ನೆಲ್ಲ ಬೆನ್ನು ಹೊರಲಾರದು. ಆದ್ದರಿಂದ ಬೆನ್ನನ್ನು ನೋಡಿ ಕೊಳ್ಳಿ. ತಲೆಗೆ ಒಂದೂವರೆ ಕಿಲೋ ಮೀರದಿದ್ದರೆ ಒಳ್ಳೆಯದು. ಬಟ್ಟೆ ಒಬ್ಬರಿಗೆ, ಕೋಲು ಮತ್ತು ಗೂಟ ಇನ್ನೊಬ್ಬರಿಗೆ ಎಂದು ಹಂಚಿಕೊಳ್ಳಬಹುದು. ಎಸೆದ ಕೂಡಲೇ ತೆರೆದುಕೊಳ್ಳುವ ಡೇರೆಗಳು 2005ರಿಂದ ಜನಪ್ರಿಯವಾಗಿವೆ. ಆದರೆ ಅವು ಮಡಚಿದಾಗ ದೊಡ್ಡ ತಟ್ಟೆಯಂತಾಗುತ್ತವೆ. ಕಾರಿಗೆ ಸರಿ, ಬೆನ್ನಿಗಲ್ಲ.

ಎರಡನೆಯದು ಕೋಲು. ಫೈಬರ್‌ಗ್ಲಾಸ್ ಕೋಲು ಅಗ್ಗ, ಆದರೆ ಉದ್ದಕ್ಕೆ ಸೀಳುತ್ತದೆ. ಅಲ್ಯೂಮಿನಿಯಂ ಹಗುರ, ಮುರಿಯುವ ಮೊದಲು ಬಾಗುತ್ತದೆ, ದಾರಿಯಲ್ಲೇ ನೆಟ್ಟಗೆ ಮಾಡಿಕೊಳ್ಳಬಹುದು. ಎರಡು ಕೋಲು ಅಡ್ಡಹಾಯ್ದು ತಾನಾಗಿಯೇ ನಿಲ್ಲುವ ಗುಮ್ಮಟದಾಕಾರದ ಡೇರೆಯನ್ನೇ ಆರಿಸಿ. ನಮ್ಮ ಶಿವಗಂಗೆಯಂಥ ಬಂಡೆಗೆ ಗೂಟ ಇಳಿಯದು. ಅಂಥ ಕಡೆ ಹಗ್ಗವನ್ನು ಕಲ್ಲಿಗೆ ಕಟ್ಟಬೇಕಾಗುತ್ತದೆ.

ಮೂರನೆಯದು ನೀರು. ಚೀಟಿಯ ಮೇಲೆ ಮಿಲಿಮೀಟರ್ ಲೆಕ್ಕ ಇರುತ್ತದೆ. ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಎಂಬುದರ ಅಳತೆ ಅದು. ಮಲೆನಾಡಿನ ಮಳೆಗೆ ಮೇಲುಹೊದಿಕೆ 2,000, ನೆಲದ ಬಟ್ಟೆ 3,000 ಇದ್ದರೆ ನಿಶ್ಚಿಂತೆ. ಹೊಲಿಗೆಗಳಿಗೆ ಟೇಪು ಅಂಟಿಸಿರಬೇಕು. ಹೊದಿಕೆ ನೆಲದ ಹತ್ತಿರದವರೆಗೂ ಇಳಿದಿರಬೇಕು. ಒಂದೇ ಪದರದ ಡೇರೆಯಲ್ಲಿ ನಮ್ಮ ಉಸಿರಿನ ತೇವವೇ ಒಳಗೆ ಹನಿಯುತ್ತದೆ, ಹಾಗಾಗಿ ಎರಡು ಪದರದ್ದೇ ಮೇಲು. ಕೊಂಡ ದಿನವೇ ತಾರಸಿಯ ಮೇಲೆ ಕಟ್ಟಿ ನಾಲ್ಕು ಬಿಂದಿಗೆ ನೀರು ಸುರಿದು ನೋಡಿ. ಸೋರಿದರೆ ಅಂಗಡಿ ಇನ್ನೂ ಹತ್ತಿರದಲ್ಲೇ ಇರುತ್ತದೆ! ಮನೆಗೆ ಮರಳಿದ ಮೇಲೆ ಒಣಗಿಸದೆ ಮಡಚಬೇಡಿ, ಬೂಸ್ಟು ಹಿಡಿಯುತ್ತದೆ.

"ನಾಲ್ವರಿಗೆ" ಎಂದು ಬರೆದ ಡೇರೆಯಲ್ಲಿ ಸಾಮಾನು ಸಮೇತ ಹಾಯಾಗಿ ಮಲಗುವುದು ಮೂವರೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಸಹೋದರಿಯರೇ, ಎಷ್ಟೇ ಚಳಿ ಇರಲಿ, ಡೇರೆಯೊಳಗೆ ಒಲೆ ಹಚ್ಚಬೇಡಿ, ಕೆಂಡ ಇಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ನಿದ್ರೆಯಲ್ಲೇ ಜೀವ ತೆಗೆಯುತ್ತದೆ. ಬೆಂಕಿ ಹತ್ತಿದರಂತೂ ಬಟ್ಟೆಯ ಮನೆ ಉಳಿಯದು. 1997ರ ಏಪ್ರಿಲ್ 15ರಂದು ಮಿನಾದ ಡೇರೆಗಳಿಗೆ ಬೆಂಕಿ ಬಿದ್ದು 343 ಹಾಜಿಗಳು ತೀರಿಕೊಂಡರು. ಆ ಬಳಿಕವೇ ಅಲ್ಲಿ ಬೆಂಕಿ ತಡೆಯುವ ಡೇರೆಗಳು ಬಂದವು. ನಾವು ಕೊಳ್ಳುವ ನೈಲಾನ್, ಪಾಲಿಯೆಸ್ಟರ್ ಡೇರೆಗಳಿಗೆ ಅಂಥ ಶಕ್ತಿಯಿಲ್ಲ.

ಕೊನೆಯ ಮಾತು. ಗಟ್ಟಿ ಡೇರೆ ಮಳೆ ಗಾಳಿಯನ್ನು ತಡೆಯುತ್ತದೆ, ಪ್ರಾಣಿಯನ್ನಲ್ಲ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿಯಲ್ಲಿ ಡೇರೆಯಲ್ಲಿ ತಂಗಿದ್ದ ಯುವತಿಯೊಬ್ಬಳು ಆನೆಗೆ ಬಲಿಯಾದಳು. 2024ರ ನವೆಂಬರಿನಲ್ಲಿ ನಮ್ಮದೇ ತಾಲೂಕಿನಲ್ಲಿ ಹುಲ್ಲು ತರಲು ಹೋದ ಮಹಿಳೆಯನ್ನು ಚಿರತೆ ಕೊಂದಿತು. ಅನುಮತಿ ಇರುವ ಜಾಗದಲ್ಲಿ, ನಾಲ್ಕು ಜನರ ಕಣ್ಣೆದುರು ಮಾತ್ರ ಡೇರೆ ಹಾಕಿ.

ಇಷ್ಟೆಲ್ಲ ಕೇಳಿ ಆಪಾಳ ಮಗ, "ಮಾಮೂ, ಬೆಲೆ ಜಾಸ್ತಿಯಾಗುತ್ತದಲ್ಲ?" ಎಂದ. "ಹೋದ ಸಲ ಡಾಕ್ಟರಿಗೆ ಕೊಟ್ಟದ್ದೆಷ್ಟು?" ಎಂದು ಕೇಳಿದೆ. ಅವನು ನಕ್ಕು ಸುಮ್ಮನಾದ.