ಅಂಚನ್ನು ದುರಸ್ತಿ ಮಾಡುವವನಿಗೆ ಆಧಾರವೇನು?

ಕಟ್ಟಡವು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಹಳತಾಗುತ್ತದೆ. ತಾರಸಿಯ ಸುತ್ತಲಿನ ಗಿಡ್ಡ ಗೋಡೆ, ಅಂದರೆ ಪ್ಯಾರಾಪೆಟ್. ಅದರ ಕೆಳಗೆ ಹೊರಕ್ಕೆ ಚಾಚಿರುವ ಕಾರ್ನಿಸು. ಕಿಟಕಿಗಳ ಮೇಲಣ ಸಜ್ಜೆ: ಇವೇ ಬಿಸಿಲನ್ನೂ ಮಳೆಯನ್ನೂ ಮೊದಲು ಎದುರಿಸುವ ಭಾಗಗಳು. ಹಗಲಿನ ಕಾವಿಗೆ ಹಿಗ್ಗಿ ಇರುಳಿನ ತಂಪಿಗೆ ಕುಗ್ಗುವ ಗಿಲಾವಿನಲ್ಲಿ ಮೊದಲು ಕೂದಲೆಳೆಯಂಥ ಬಿರುಕು ಮೂಡುತ್ತದೆ. ಬಿರುಕಿನ ಮೂಲಕ ಇಳಿದ ನೀರು ಒಳಗಿನ ಕಬ್ಬಿಣದ ಸರಳನ್ನು ಮುಟ್ಟುತ್ತದೆ. ತುಕ್ಕಿಗೆ ಅದು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಜಾಗ ಬೇಕು. ಆದುದರಿಂದ ಅದು ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಇದು ಸಾಲದೆಂಬಂತೆ ಹಕ್ಕಿಯೊಂದು ತಂದು ಹಾಕಿದ ಅರಳಿಯ ಬೀಜವು ಬಿರುಕಿನಲ್ಲಿ ಬೇರು ಬಿಡುತ್ತದೆ. ಇಷ್ಟಾದರೂ ಕೆಳಗೆ ಓಡಾಡುವವರ ಕಣ್ಣಿಗೆ ಏನೂ ಕಾಣುವುದಿಲ್ಲ. ಎತ್ತರದ ಅಂಚನ್ನು ತಲೆಯೆತ್ತಿ ನೋಡುವವರು ಎಷ್ಟು ಮಂದಿ?

ಹೀಗೆ ನೋಡದೆ ಬಿಟ್ಟುದರ ಫಲವನ್ನು ನ್ಯೂಯಾರ್ಕ್ ನಗರ 1979ರಲ್ಲಿ ಕಂಡಿತು. ಕಾಲೇಜಿನ ಪ್ರಥಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಬೀದಿಯಲ್ಲಿ ನಡೆದು ಹೋಗುತ್ತಿದ್ದಾಗ ಕಟ್ಟಡವೊಂದರ ಮೇಲಿನಿಂದ ಕಳಚಿದ ತುಂಡು ಬಿದ್ದು ಆಕೆ ಸತ್ತಳು. ಮರುವರ್ಷವೇ, 1980ರಲ್ಲಿ, ಆರಕ್ಕಿಂತ ಹೆಚ್ಚು ಅಂತಸ್ತುಗಳುಳ್ಳ ಕಟ್ಟಡಗಳ ಹೊರಮುಖವನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಆ ನಗರ ಕಟ್ಟಳೆ ಮಾಡಿತು. 2024ರ ಜನವರಿಯಿಂದ ಸಾರ್ವಜನಿಕ ದಾರಿಗೆ ಮುಖಮಾಡಿದ ಪ್ಯಾರಾಪೆಟ್ ಗೋಡೆಗಳನ್ನು, ಚಿಕ್ಕ ಮನೆಗಳ ವಿನಾ, ಪ್ರತಿವರ್ಷವೂ ಪರೀಕ್ಷಿಸಬೇಕೆಂಬ ನಿಯಮ ಅಲ್ಲಿ ಜಾರಿಗೆ ಬಂದಿತು.

ಪರೀಕ್ಷೆಯ ಅನಂತರ ದುರಸ್ತಿ ನಡೆಯಬೇಕು. ಇಲ್ಲಿಯೇ ತೊಡಕು. ನಾಲ್ಕು ಅಂತಸ್ತಿನ ಕಟ್ಟಡದ ತುದಿಯಲ್ಲಿ ಎರಡು ಮೊಳ ಗಿಲಾವು ಬಿದ್ದಿದೆಯೆನ್ನಿ. ಅದನ್ನು ಸರಿಪಡಿಸಲು ನೆಲದಿಂದ ಸರ್ವೆಯ ಗಳುಗಳನ್ನೋ ಉಕ್ಕಿನ ಕೊಳವೆಗಳನ್ನೋ ನಿಲ್ಲಿಸಿ ಸಾರುವೆ ಕಟ್ಟಿದರೆ ಕೆಲಸದ ಕೂಲಿಗಿಂತ ಸಾರುವೆಯ ವೆಚ್ಚವೇ ಹೆಚ್ಚಾಗುತ್ತದೆ. ಆದುದರಿಂದ ಮಾಲೀಕರು ಎರಡರಲ್ಲೊಂದು ದಾರಿಯನ್ನು ಹಿಡಿಯುತ್ತಾರೆ: ದುರಸ್ತಿಯನ್ನೇ ಮುಂದೂಡುತ್ತಾರೆ, ಇಲ್ಲವೆ ತಾರಸಿಯಿಂದ ಹಲಗೆಯೊಂದನ್ನು ಹೇಗೋ ಇಳಿಬಿಟ್ಟು ಕೆಲಸ ಮುಗಿಸಿಕೊಳ್ಳುತ್ತಾರೆ. ಮೊದಲನೆಯದು ದಾರಿಹೋಕನ ತಲೆಗೆ ಅಪಾಯ. ಎರಡನೆಯದು ಕೆಲಸಗಾರನ ಪ್ರಾಣಕ್ಕೆ ಅಪಾಯ. ತಾರಸಿಯ ಮೇಲಿಂದ ಚಾಚಿ ನಿಲ್ಲುವ, ಬಿಚ್ಚಿ ಜೋಡಿಸಬಹುದಾದ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದಾದ ಸಾರುವೆಯು ಇವೆರಡರಿಂದಲೂ ಪಾರುಮಾಡಬಲ್ಲದು. ಆದರೆ ಅದರ ಲೆಕ್ಕವನ್ನು ತಿಳಿದು ಬಳಸಿದರೆ ಮಾತ್ರ. ಇದೇ ನಮ್ಮ ವಾದ.

ನಾವು ಪಾಠ ಹೇಳುವ ಕಟ್ಟಡದ ಹಿಂಭಾಗದಲ್ಲಿ ಒಮ್ಮೆ ಇಂಥ ಕೆಲಸ ನಡೆಯಿತು. ತಾರಸಿಯ ಅಂಚಿನಿಂದ ಹೊರಕ್ಕೆ ಚಾಚಿದ ಎರಡು ಕಬ್ಬಿಣದ ತೊಲೆಗಳು. ಅವುಗಳ ಹೊರತುದಿಯಿಂದ ತೂಗುಬಿಟ್ಟ ಹಲಗೆಯ ಮೇಲೆ ಇಬ್ಬರು ಗಾರೆಯವರು. ಒಳತುದಿಯ ಮೇಲೆ ಮರಳು ತುಂಬಿದ ಸಿಮೆಂಟಿನ ಚೀಲಗಳು. ಹಿಂದಿನ ರಾತ್ರಿ ಮಳೆ ಬಂದಿತ್ತು. ಒಂದು ಚೀಲದ ಮೂಲೆ ಹರಿದು ಮರಳು ಸಣ್ಣ ಗೆರೆಯಾಗಿ ನೀರಿನ ಹೊರದೂಬಿನತ್ತ ಹರಿದುಹೋಗಿತ್ತು. ನಾವು ತೋರಿಸಿದಾಗ ಮೇಸ್ತ್ರಿ ಶಾಂತವಾಗಿ, “ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಾ ಇದೀವಿ ಸಾರ್, ಒಂದು ದಿನಾನೂ ಏನೂ ಆಗಿಲ್ಲ” ಎಂದರು. ಅವರು ಸುಳ್ಳು ಹೇಳಲಿಲ್ಲ. ಆ ಕ್ಷಣ ನಾಚಿಕೆಪಟ್ಟವರು ನಾವೇ. ಆ ತೊಲೆಗಳ ನೇರ ಕೆಳಗಿನ ಕೊಠಡಿಯಲ್ಲಿ ನಾವು ಪ್ರತಿವರ್ಷವೂ ಸನ್ನೆಯ ನಿಯಮವನ್ನು ಕಲಿಸುತ್ತೇವೆ. ಒಮ್ಮೆಯಾದರೂ ಮೇಲೆ ಹತ್ತಿ ನೋಡಿರಲಿಲ್ಲ.

ಆ ತೊಲೆ ನಿಜವಾಗಿಯೂ ಒಂದು ಸನ್ನೆ. ತಾರಸಿಯ ಅಂಚೇ ಅದರ ಆನಿಕೆ. ಹೊರಗಿನ ಭಾರವು ತೊಲೆಯನ್ನು ಹೊರಕ್ಕೆ ಮಗುಚಲು ನೋಡುತ್ತದೆ. ಒಳಗಿನ ಭಾರ ಅದನ್ನು ತಡೆಯುತ್ತದೆ. ಭಾರವನ್ನು ಆನಿಕೆಯಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ಅದರ ತಿರುಗಿಸುವ ಸಾಮರ್ಥ್ಯ, ಅಂದರೆ ಭ್ರಾಮಕ, ದೊರೆಯುತ್ತದೆ. ಬಲವನ್ನು ನ್ಯೂಟನ್ನುಗಳಲ್ಲಿ ಹೇಳಬೇಕಾದುದು ಸರಿಯೇ. ಆದರೆ ಗುರುತ್ವ ಎರಡು ಕಡೆಗೂ ಒಂದೇ ಆಗಿರುವುದರಿಂದ ಇಲ್ಲಿ ಕಿಲೋಗ್ರಾಂಗಳಲ್ಲೇ ಲೆಕ್ಕ ಹಾಕೋಣ.

ತೂಗುಹಲಗೆಯೂ ಅದರ ಸಾಮಗ್ರಿಯೂ ಸೇರಿ 120 ಕಿಲೋಗ್ರಾಂ ಇರಲಿ. ಇಬ್ಬರು ಕೆಲಸಗಾರರು 160 ಕಿಲೋಗ್ರಾಂ. ಗಾರೆ, ನೀರು, ಹತ್ಯಾರುಗಳು 40 ಕಿಲೋಗ್ರಾಂ. ಒಟ್ಟು 320. ತೊಲೆಗಳು ಎರಡಿರುವುದರಿಂದ ಒಂದೊಂದಕ್ಕೆ 160 ಎಂದು ಹೇಳಲು ಮನಸ್ಸು ಹಾತೊರೆಯುತ್ತದೆ. ಇದು ಮೊದಲನೆಯ ತಪ್ಪು. ಇಬ್ಬರೂ ಒಂದೇ ತುದಿಗೆ ಬಂದು ನಿಂತರೆ ಹಲಗೆಯ ತೂಕದ ಅರ್ಧವೂ ಉಳಿದುದೆಲ್ಲವೂ ಆ ಒಂದು ತೊಲೆಯ ಮೇಲೆಯೇ ಬೀಳುತ್ತವೆ: 60, 160, 40, ಒಟ್ಟು 260 ಕಿಲೋಗ್ರಾಂ. ತೊಲೆ ಅರ್ಧ ಮೀಟರ್ ಹೊರಕ್ಕೆ ಚಾಚಿದ್ದರೆ ಮಗುಚುವ ಭ್ರಾಮಕ 130 ಕಿಲೋಗ್ರಾಂ-ಮೀಟರ್. ಒಳಗಿನ ಭಾರ ಆನಿಕೆಯಿಂದ 2.5 ಮೀಟರ್ ದೂರದಲ್ಲಿದ್ದರೆ ತೊಲೆಯನ್ನು ಸಮತೋಲದಲ್ಲಿಡಲು, ಅದರ ಸ್ವಂತ ತೂಕವನ್ನು ಬಿಟ್ಟರೆ, 52 ಕಿಲೋಗ್ರಾಂ ಸಾಕು.

ಸಾಕೆಂದರೆ ಏನರ್ಥ? 52 ಇದ್ದರೆ ನಿಲ್ಲುತ್ತದೆ. 51 ಆದರೆ ಮಗುಚುತ್ತದೆ. ಆದುದರಿಂದಲೇ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು ಮಗುಚುವ ಭ್ರಾಮಕಕ್ಕಿಂತ ನಾಲ್ಕು ಪಟ್ಟು ತಡೆಯುವ ಭ್ರಾಮಕ ಇರಬೇಕೆಂದು ವಿಧಿಸುತ್ತವೆ. ನಮ್ಮ ಲೆಕ್ಕದಲ್ಲಿ ಇದು ಒಂದೊಂದು ತೊಲೆಗೂ 208 ಕಿಲೋಗ್ರಾಂ. ಆ ಭಾರ ಮರಳು ಜಲ್ಲಿಗಳಂಥ ಹರಿದುಹೋಗುವ ವಸ್ತುವಾಗಿರಬಾರದೆಂದೂ ಅಲ್ಲಿಯ ನಿಯಮ ಹೇಳುತ್ತದೆ. ಕಾರಣವನ್ನು ನಮ್ಮ ತಾರಸಿಯ ಹರಿದ ಚೀಲವೇ ಹೇಳಿತು.

ಈಗ ಮೇಸ್ತ್ರಿಯ ಇಪ್ಪತ್ತು ವರ್ಷಗಳ ಅನುಭವವನ್ನು ವಿಚಾರಿಸೋಣ. 208 ಕಿಲೋಗ್ರಾಂ ಇಟ್ಟ ದಿನ ತೊಲೆ ಅಲುಗಲಿಲ್ಲ. ಮರಳು ಸೋರಿ 150 ಆದ ದಿನವೂ ಅಲುಗಲಿಲ್ಲ; 60 ಆದ ದಿನವೂ ಅಲುಗುವುದಿಲ್ಲ. ತೊಲೆ ಮೌನವಾಗಿರುತ್ತದೆ. ಹಗ್ಗ ಹರಿಯುವ ಮುನ್ನ ಒಂದೆರಡು ಎಳೆ ಬಿಚ್ಚಿಕೊಂಡು ಸೂಚನೆ ಕೊಡಬಹುದು; ಮರದ ಹಲಗೆ ಮುರಿಯುವ ಮುನ್ನ ಬಾಗಿ ಲಟಕೆನ್ನಬಹುದು. ಸಮತೋಲಕ್ಕೆ ಇಂಥ ಭಾಷೆಯಿಲ್ಲ. ಅಂಚಿಗೆ ಬರುವವರೆಗೂ ಅದು ಎಂದಿನಂತೆಯೇ ಕಾಣುತ್ತದೆ. ಅಂಚು ದಾಟಿದ ಮೇಲೆ ಹೇಳಲು ಸಮಯವಿರುವುದಿಲ್ಲ. ಅನುಭವವು ಬಹು ದೊಡ್ಡ ಗುರುವೆಂಬುದು ನಿಜ; ಆದರೆ ಪಾಠ ಹೇಳದ ವಸ್ತುವಿನಿಂದ ಅನುಭವ ಏನನ್ನು ಕಲಿಯಬಲ್ಲದು? ಇಂಥಲ್ಲಿ ಕಣ್ಣಿಗೆ ಕಾಣದುದನ್ನು ತೋರಿಸುವ ಸಾಧನ ಲೆಕ್ಕವೊಂದೇ.

ಎರಡನೆಯ ತಪ್ಪು ಇದಕ್ಕಿಂತ ಸಾಮಾನ್ಯ. ತೊಲೆ, ಭಾರ ಯಾವುದೂ ಬೇಡವೆಂದು ಪ್ಯಾರಾಪೆಟ್ ಗೋಡೆಗೇ ಕಬ್ಬಿಣದ ಕೊಕ್ಕೆ ಸಿಕ್ಕಿಸಿ ಹಲಗೆ ತೂಗುಬಿಡುವುದುಂಟು. ಗೋಡೆ ಒಂದು ಮೀಟರ್ ಎತ್ತರ, 23 ಸೆಂಟಿಮೀಟರ್ ದಪ್ಪ ಇದೆಯೆನ್ನೋಣ. ಒಂದು ಮೀಟರ್ ಉದ್ದದ ಇಟ್ಟಿಗೆ ಗೋಡೆಯ ತೂಕ ಸುಮಾರು 440 ಕಿಲೋಗ್ರಾಂ. ಕೊಕ್ಕೆ ಗೋಡೆಯ ನೆತ್ತಿಯ ನಡುವೆ ಕುಳಿತಿದೆ. ಅದರ ಕೆಳತುದಿ ಗೋಡೆಯ ಬುಡವನ್ನು ಹೊರಗಿನಿಂದ ಒತ್ತುತ್ತಿದೆ. 260 ಕಿಲೋಗ್ರಾಂ ಭಾರ ನಡುವಿನಿಂದ ಅರ್ಧ ಮೀಟರ್ ಹೊರಗಿದೆ. ಆಗ ಕೊಕ್ಕೆಯು ಗೋಡೆಯ ನೆತ್ತಿಯನ್ನು ಸುಮಾರು 130 ಕಿಲೋಗ್ರಾಮಿನಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಒಂದು ಮೀಟರ್ ಎತ್ತರದಲ್ಲಿ ಆ ಎಳೆತದ ಭ್ರಾಮಕ 130. ಇದನ್ನು ತಡೆಯುವುದು ಗೋಡೆಯ ತೂಕ ಮತ್ತು ಅದರ ಮೇಲೆ ಕುಳಿತ ಭಾರ, ಒಟ್ಟು 700 ಕಿಲೋಗ್ರಾಂ. ಆದರೆ ಗೋಡೆಯ ಹೊರ ಅಂಚಿನಿಂದ ಅದಕ್ಕಿರುವ ದೂರ ಹನ್ನೊಂದೂವರೆ ಸೆಂಟಿಮೀಟರ್ ಮಾತ್ರ. ಗುಣಿಸಿದರೆ ಬರುವುದು ಸುಮಾರು 80.

ಅಂದರೆ ಆ ಗೋಡೆ ತನ್ನ ತೂಕದಿಂದ ನಿಂತಿಲ್ಲ. ಇಟ್ಟಿಗೆಗಳನ್ನು ಹಿಡಿದಿರುವ ಗಾರೆಯ ಅಂಟಿನಿಂದ, ಅಕ್ಕಪಕ್ಕದ ಗೋಡೆಯ ಒತ್ತಾಸೆಯಿಂದ ನಿಂತಿದೆ. ಆ ಗಾರೆ ಸಡಿಲವಾಗಿದೆಯೆಂದೇ ಅಲ್ಲವೆ ನಾವು ದುರಸ್ತಿಗೆ ಜನರನ್ನು ಕರೆಸಿದುದು? ಬಿದ್ದುಹೋಗಬಹುದೆಂಬ ಅಂಜಿಕೆಯಿಂದ ಸರಿಪಡಿಸಹೊರಟ ಅಂಚಿಗೇ ಸರಿಪಡಿಸುವವನನ್ನು ತೂಗುಹಾಕುವುದು ಎಂಥ ವಿವೇಕ!

ಆದುದರಿಂದ ಆನಿಕೆಯು ಪ್ಯಾರಾಪೆಟ್ಟಿನ ಮೇಲೆ ಇರದೆ ಅದರ ಹಿಂದೆ, ತಾರಸಿಯ ಗಟ್ಟಿಯಾದ ಭಾಗದ ಮೇಲೆ ನಿಲ್ಲಿಸಿದ ಉಕ್ಕಿನ ಕುದುರೆಯ ಮೇಲೆ ಇರಬೇಕು. ಇದಕ್ಕೆ ಬೆಲೆ ತೆರಬೇಕಾಗುತ್ತದೆ. ಹೊರಚಾಚು ಅರ್ಧ ಮೀಟರಿನಿಂದ 0.8 ಮೀಟರಿಗೆ ಏರುತ್ತದೆ. ಸಮತೋಲಕ್ಕೇ 83 ಕಿಲೋಗ್ರಾಂ, ನಾಲ್ಕು ಪಟ್ಟಿನ ನಿಯಮಕ್ಕೆ ಸುಮಾರು 333 ಕಿಲೋಗ್ರಾಂ ಭಾರ ಬೇಕಾಗುತ್ತದೆ. ಇಪ್ಪತ್ತೈದು ಕಿಲೋಗ್ರಾಮಿನ ಎರಕದ ತುಂಡುಗಳಾದರೆ ಒಂದೊಂದು ತೊಲೆಗೆ ಹದಿನಾಲ್ಕು. ಅವನ್ನು ಮೆಟ್ಟಿಲು ಹತ್ತಿಸುವುದು ಶ್ರಮದ ಕೆಲಸವೆಂಬ ಆಕ್ಷೇಪಣೆಯನ್ನು ನಾವು ಒಪ್ಪುತ್ತೇವೆ. ಆದರೆ ಈ ಶ್ರಮ ಒಂದು ಗಂಟೆಯದು; ನೆಲದಿಂದ ಸಾರುವೆ ಕಟ್ಟುವ ಶ್ರಮ ದಿನಗಳದು. ಇದರ ಜೊತೆಗೆ ಪ್ರತಿಯೊಬ್ಬ ಕೆಲಸಗಾರನಿಗೂ ಬೇರೆ ಹಗ್ಗವಿರಬೇಕು. ಆ ಹಗ್ಗವನ್ನು ತೊಲೆಗೂ ಹಲಗೆಗೂ ಕಟ್ಟದೆ ಕಟ್ಟಡದ ಬೇರೊಂದು ಗಟ್ಟಿ ಭಾಗಕ್ಕೆ ಬಿಗಿಯಬೇಕು. ತೊಲೆ ಮಗುಚಿದರೂ ಮನುಷ್ಯ ಉಳಿಯಬೇಕಾದರೆ ಇವೆರಡಕ್ಕೂ ಸಂಬಂಧವೇ ಇರಕೂಡದು.

ಇಂಥ ಸಾರುವೆಯನ್ನು ವಿದ್ವಾಂಸರೇ ನಿರ್ಮಿಸಬೇಕೆಂದು ಯಾರೂ ತಿಳಿಯದಿರಲಿ. ರೋಮಿನ ಸೇಂಟ್ ಪೀಟರ್ ಇಗರ್ಜಿಯ ದುರಸ್ತಿಗೆ ಅದ್ಭುತವಾದ ಸಾರುವೆಗಳನ್ನು ಕಲ್ಪಿಸಿದ ನಿಕೋಲಾ ಜಬಾಲ್ಯಾ (1664–1750) ಒಬ್ಬ ಕೆಲಸಗಾರ. ಶಾಲೆಯ ವಿದ್ಯೆ ಪಡೆದವನಲ್ಲ. ಅವನ ಉಪಾಯಗಳು ಅವನೊಂದಿಗೇ ಅಳಿಯದಂತೆ 1743ರಲ್ಲಿ ದೊಡ್ಡ ದೊಡ್ಡ ಚಿತ್ರಪಟಗಳೊಡನೆ ಗ್ರಂಥವೊಂದನ್ನು ಅಚ್ಚುಮಾಡಿದರು. ಕೈಬಲ್ಲವನ ಜಾಣ್ಮೆಯೂ ಓದುಬಲ್ಲವನ ಲೇಖನಿಯೂ ಅಲ್ಲಿ ಕೂಡಿದುವು. ನಮ್ಮಲ್ಲಿ ಕೊರತೆಯಾಗಿರುವುದು ಈ ಕೂಡುವಿಕೆಯೇ. ನಿಯಮಗಳಿಗೇನೂ ಬಡತನವಿಲ್ಲ: ಸಾರುವೆಗಳ ಸುರಕ್ಷತೆಗಾಗಿ ಭಾರತೀಯ ಮಾನಕ 3696 ಇದೆ, ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾಯಿದೆ ಬಂದಿತು, 1998ರ ಕೇಂದ್ರ ನಿಯಮಗಳಲ್ಲಿ ಸಾರುವೆಗೆಂದೇ ಒಂದು ಅಧ್ಯಾಯವನ್ನು ಬರೆದರು. ಆದರೆ ಹರಿದ ಚೀಲದ ಪಕ್ಕದಲ್ಲಿ ನಿಂತ ಮೇಸ್ತ್ರಿಗೆ ಅವುಗಳಲ್ಲಿನ ಒಂದು ಅಂಕಿಯನ್ನಾದರೂ ಯಾರೂ ಕನ್ನಡದಲ್ಲಿ ಹೇಳಿರಲಿಲ್ಲ.

ನಮ್ಮ ಸಲಹೆ ಸರಳವಾದುದು. ಊರಿನ ನಾಲ್ಕಾರು ಶಾಲಾಕಾಲೇಜುಗಳು, ಇಲ್ಲವೆ ಒಂದು ಬೀದಿಯ ಮಾಲೀಕರು, ಕೂಡಿ ಇಂಥದೊಂದು ಸಾರುವೆಯನ್ನು ಬಲ್ಲ ಎಂಜಿನಿಯರರಿಂದ ಲೆಕ್ಕ ಹಾಕಿಸಿ ಮಾಡಿಸಿಟ್ಟುಕೊಳ್ಳಬೇಕು. ಎಷ್ಟು ಹೊರಚಾಚಿಗೆ ಎಷ್ಟು ತುಂಡು ಭಾರವೆಂಬುದನ್ನು ತೊಲೆಯ ಮೇಲೆಯೇ ಕನ್ನಡದ ಅಂಕಿ ಅಕ್ಷರಗಳಲ್ಲಿ ಕೆತ್ತಿಸಬೇಕು. ಕೆಲಸಕ್ಕೆ ಇಳಿಯುವ ಮುನ್ನ ಪ್ರತಿದಿನ ಬೆಳಿಗ್ಗೆ ತುಂಡುಗಳನ್ನು ಎಣಿಸಬೇಕು. ತುಂಡುಗಳನ್ನು ಎಣಿಸಬಹುದು, ಮರಳನ್ನು ಎಣಿಸಲಾಗದು.

ವಿದ್ಯಾರ್ಥಿಮಿತ್ರರು ಇಂದೇ ಒಂದು ಪ್ರಯೋಗ ಮಾಡಿ ನೋಡಲಿ. 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ಮೇಜಿನ ಅಂಚಿನಿಂದ 10 ಸೆಂಟಿಮೀಟರ್ ಹೊರಕ್ಕೆ ಚಾಚಿ, ಹೊರತುದಿಯಲ್ಲಿ ನಾಲ್ಕು ನಾಣ್ಯಗಳನ್ನೂ ಒಳತುದಿಯಲ್ಲಿ ಅಂಥವೇ ಎಂಟು ನಾಣ್ಯಗಳನ್ನೂ ಇಡಿ. ಒಳಗಿನವನ್ನು ಒಂದೊಂದಾಗಿ ತೆಗೆಯುತ್ತ ಬನ್ನಿ. ಒಂದು ತೆಗೆದಾಗಲೂ ಪಟ್ಟಿ ಅಲುಗದು, ನಾಲ್ಕು ತೆಗೆದಾಗಲೂ ಅಲುಗದು. ಕೊನೆಯ ಒಂದೆರಡು ನಾಣ್ಯಗಳ ಸರದಿ ಬಂದಾಗ ಒಮ್ಮೆಲೇ ಎಲ್ಲವೂ ನೆಲದ ಮೇಲಿರುತ್ತವೆ. ನಾಣ್ಯಗಳನ್ನು ಆಯ್ದುಕೊಂಡ ಮೇಲೆ ಮೇಜನ್ನು ಬಿಟ್ಟು ಹೊರಗೆ ಬಂದು, ನಿಮ್ಮ ಶಾಲೆಯ ಮೇಲಂಚನ್ನು ಒಮ್ಮೆ ತಲೆಯೆತ್ತಿ ನೋಡಿ. ಅಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದರೆ, ಅವರ ತೊಲೆಯ ಇನ್ನೊಂದು ತುದಿಯಲ್ಲಿ ಏನಿದೆಯೆಂದು ಕೇಳಲು ಸಂಕೋಚಪಡಬೇಡಿ.