ಬಾರದವರ ಲೆಕ್ಕ

ನಮ್ಮ ಕಾಲವನ್ನು ವೇಗದ ಯುಗವೆಂದು ಬಣ್ಣಿಸುವುದು ವಾಡಿಕೆಯಾಗಿದೆ. ಈ ಮಾತನ್ನು ಮೊದಲು ಆಡಿದ ಮಹನೀಯರು ಯಲ್ಲಾಪುರ ತಾಲೂಕಿನ ಒಳಹಳ್ಳಿಯೊಂದರಲ್ಲಿ ಆಷಾಢದ ಸಂಜೆ ನಿಂತು ಮೊಬೈಲಿನಲ್ಲಿ ಅರ್ಜಿ ತುಂಬಿದವರಾಗಿರಲಾರರು.

ನನ್ನ ತರಗತಿಯ ಸಹಪಾಠಿಯೊಬ್ಬಳು ಅಂತಹ ಊರಿನವಳು. ಕಳೆದ ವರ್ಷ ಆಕೆ ವಿದ್ಯಾರ್ಥಿವೇತನದ ಅರ್ಜಿಯನ್ನು ಜಾಲತಾಣವೊಂದರಲ್ಲಿ ಸಲ್ಲಿಸಬೇಕಾಗಿತ್ತು. (ಯಾವುದೆಂದು ಹೇಳುವುದಿಲ್ಲ, ಹೇಳಿದರೆ ಉಳಿದವೆಲ್ಲ ಚೊಕ್ಕವೆಂಬ ಭ್ರಮೆ ಹುಟ್ಟೀತು.) ಮನೆಯೊಳಗೆ ಸಿಗ್ನಲ್ ಇಲ್ಲ, ಸೊಪ್ಪಿನ ಬೆಟ್ಟದ ನೆತ್ತಿಯ ಬಂಡೆಯೊಂದರ ಮೇಲೆ ನಿಂತರೆ ಒಂದೆರಡು ಗೆರೆ. ಅಲ್ಲಿ ಕೊಡೆ ಹಿಡಿದು ನಿಂತು ತನ್ನ ಹೆಸರು, ತಂದೆಯ ಹೆಸರು, ಆದಾಯ ಪ್ರಮಾಣಪತ್ರದ ಸಂಖ್ಯೆ ಎಲ್ಲವನ್ನೂ ತುಂಬಿ ಮುಂದಿನ ಪುಟಕ್ಕೆ ಒತ್ತಿದಳು. ಚಕ್ರ ತಿರುಗತೊಡಗಿತು. ತಿರುಗಿ ತಿರುಗಿ, ಕೊನೆಗೆ ‘ನಿಮ್ಮ ಅವಧಿ ಮುಗಿದಿದೆ, ಮತ್ತೆ ಪ್ರವೇಶಿಸಿರಿ’ ಎಂಬ ಒಕ್ಕಣೆ ಬಂದಿತು. ತುಂಬಿದ್ದೆಲ್ಲವೂ ಅಳಿದು ಹೋಗಿತ್ತು. ಮೂರು ಸಂಜೆ ಹೀಗೆಯೇ ಆಯಿತು. ನಾಲ್ಕನೆಯ ದಿನ ಬಸ್ಸು ಹಿಡಿದು ಶಿರಸಿಯ ಸೈಬರ್ ಅಂಗಡಿಗೆ ಬಂದರೆ ಗಾಳಿಮಳೆಗೆ ಪೇಟೆಯಲ್ಲಿಯೇ ಕರೆಂಟಿರಲಿಲ್ಲ. ಐದನೆಯ ದಿನಕ್ಕೆ ಗಡುವು ದಾಟಿತ್ತು. ಆ ವರ್ಷದ ಹಣ ಬರಲೇ ಇಲ್ಲ. ಆಕೆ ಯಾರನ್ನೂ ದೂರಲಿಲ್ಲ. "ನೆಟ್‌ವರ್ಕ್ ಇಲ್ಲದ ಊರು, ಏನು ಮಾಡುವುದು?" ಎಂದು ಸುಮ್ಮನಾದಳು.

ಹೀಗೆ ಸುಮ್ಮನಾಗುವುದು ಸರಿಯಲ್ಲವೆಂದು ಹೇಳುವುದಕ್ಕಾಗಿಯೇ ನಾನು ಲೇಖನಿ ಹಿಡಿದಿದ್ದೇನೆ.

ಆ ಪುಟ ನಿಜವಾಗಿ ಎಷ್ಟು ಭಾರವಿದೆಯೆಂದು ತೂಗಿ ನೋಡುವ ಕುತೂಹಲ ನನಗೆ ಹುಟ್ಟಿತು. ಇದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಕಿಲ್ಲ. ಕಂಪ್ಯೂಟರಿನಲ್ಲಿ ಪುಟವನ್ನು ತೆರೆದು ಎಫ್ 12 ಎಂಬ ಕೀಲಿಯನ್ನು ಒತ್ತಿದರೆ, ಯಾವ ಕಡತ ಎಷ್ಟು ತೂಕದ್ದು, ಬರಲು ಎಷ್ಟು ಹೊತ್ತು ಹಿಡಿಯಿತು ಎಂಬ ಪಟ್ಟಿ ಕಾಣುತ್ತದೆ. ಒಟ್ಟು ಸುಮಾರು ಏಳು ಮೆಗಾಬೈಟ್! ಅರ್ಜಿಯ ಪ್ರಶ್ನೆಗಳು ಅದರಲ್ಲಿ ಹಿಡಿಯಷ್ಟೂ ಇರಲಿಲ್ಲ. ಮಿಕ್ಕದ್ದೆಲ್ಲ ಒಂದಾದ ಮೇಲೊಂದರಂತೆ ಸರಿಯುವ ಗಣ್ಯರ ಭಾವಚಿತ್ರಗಳು, ನಾಲ್ಕಾರು ಬಗೆಯ ಫಾಂಟುಗಳು, ಮತ್ತು ರಾಶಿ ರಾಶಿ ಜಾವಾಸ್ಕ್ರಿಪ್ಟ್. ಅದೂ ಸಾಲದೆಂಬಂತೆ ಪ್ರತಿ ಪುಟಕ್ಕೂ ಇವೆಲ್ಲವನ್ನು ಹೊಸದಾಗಿ ತರಿಸಿಕೊಳ್ಳುವಂತೆ ಅದನ್ನು ರಚಿಸಿದ್ದರು. ಬೆಟ್ಟದ ಮೇಲಿನ ಆ ಬಂಡೆಯಲ್ಲಿ ಸೆಕೆಂಡಿಗೆ ನೂರು ಕಿಲೋಬಿಟ್ ದೊರೆಯಿತೆಂದೇ ಇಟ್ಟುಕೊಳ್ಳೋಣ. ಏಳು ಮೆಗಾಬೈಟ್ ಎಂದರೆ ಐವತ್ತಾರು ಸಾವಿರ ಕಿಲೋಬಿಟ್. ಪುಟ ತೆರೆಯಲು ಒಂಬತ್ತು ನಿಮಿಷಕ್ಕೂ ಮಿಕ್ಕಿ ಬೇಕು. ಅವಧಿ ಮುಗಿಯದೆ ಇನ್ನೇನಾದೀತು? ಮಾರುಕಟ್ಟೆಗೆ ಚಾಲಿಯನ್ನು ಒಯ್ಯುವ ನಮ್ಮ ತೋಟಿಗರು ಮೊದಲು ಸುಲಿದು, ಸಿಪ್ಪೆಯನ್ನು ಮನೆಯಲ್ಲಿಯೇ ಬಿಟ್ಟು ಚೀಲ ತುಂಬುತ್ತಾರೆ. ಸಿಪ್ಪೆ ಸಮೇತ ಗಾಡಿಗೆ ಹೇರಿ, ಬಾಡಿಗೆ ಹೆಚ್ಚಾಯಿತೆಂದು ರಸ್ತೆಯನ್ನು ಬೈಯುವವನನ್ನು ಇಲ್ಲಿ ಯಾರೂ ಜಾಣನೆನ್ನರು.

ಬೆಂಗಳೂರಿನಲ್ಲಿ ಇದೇ ಕಸುಬಿನಲ್ಲಿರುವ ನನ್ನ ದೊಡ್ಡಪ್ಪನ ಮಗನನ್ನು ಈ ಬಗ್ಗೆ ಕೇಳಿದೆ. ಅಣ್ಣ ನಕ್ಕನು. "ತಮ್ಮಾ, ನಮಗೆ ಕೊಡುವ ಗಡುವು ಎರಡು ವಾರ. ಎಲ್ಲವನ್ನೂ ನಾವೇ ಬರೆಯುತ್ತ ಕೂತರೆ ಮುಗಿಯುವುದುಂಟೇ? ಬೇರೆಯವರು ಬರೆದಿಟ್ಟ ಪೊಟ್ಟಣಗಳನ್ನು ತಂದು ಜೋಡಿಸುತ್ತೇವೆ. ಆ ಒಂದು ಪೊಟ್ಟಣ ಇನ್ನು ಹತ್ತನ್ನು ಎಳೆದು ತರುತ್ತದೆ" ಎಂದನು. ಈ ಮಾತು ಸುಳ್ಳಲ್ಲ. 2016ರ ಮಾರ್ಚಿನಲ್ಲಿ ‘ಲೆಫ್ಟ್ ಪ್ಯಾಡ್’ ಎಂಬ ಹನ್ನೊಂದೇ ಸಾಲಿನ ಪೊಟ್ಟಣವೊಂದನ್ನು ಅದರ ಕರ್ತೃ ಹಿಂದೆಗೆದುಕೊಂಡಾಗ ಜಗತ್ತಿನ ಎಷ್ಟೋ ದೊಡ್ಡ ಯೋಜನೆಗಳ ಕೆಲಸ ಕೆಲವು ಗಂಟೆ ನಿಂತುಹೋಯಿತು. ಬರಿದಾದ ಜಾಗಕ್ಕೆ ಎಡಗಡೆ ಅಕ್ಷರ ತುಂಬುವಷ್ಟೇ ಅದರ ಕೆಲಸವಾಗಿತ್ತು! ಆದರೂ ಅಣ್ಣನ ಪಕ್ಷದಲ್ಲಿ ನ್ಯಾಯವಿದೆಯೆಂದು ಒಪ್ಪಿಕೊಳ್ಳಬೇಕು. ಸಿದ್ಧ ಸಾಮಗ್ರಿ ಇಲ್ಲದಿದ್ದರೆ ಇಂದಿನ ಅರ್ಧಕ್ಕರ್ಧ ಸೇವೆಗಳು ಹುಟ್ಟುತ್ತಲೇ ಇರಲಿಲ್ಲ. ನನ್ನ ತಕರಾರು ತರುವುದರ ಬಗ್ಗೆ ಅಲ್ಲ, ಬೇಡವಾದದ್ದನ್ನು ಮರಳಿ ತೆಗೆಯದಿರುವುದರ ಬಗ್ಗೆ. ಬ್ರಿಟನ್ ಸರ್ಕಾರದ ಜಾಲತಾಣದವರು 2022ರಲ್ಲಿ ಹಳೆಯ ಜೆಕ್ವೆರಿ ಎಂಬ ಸಾಮಗ್ರಿಯನ್ನು ಕಿತ್ತು ಹಾಕಿದರು. ಅದರಿಂದ ಉಳಿದದ್ದು ಸುಮಾರು 32 ಕಿಲೋಬೈಟ್ ಮಾತ್ರ. ಆದರೂ ನಿಧಾನ ಜಾಲದಲ್ಲಿರುವವರಿಗೆ ಅದರಿಂದ ಸುಖವಾಯಿತೆಂದು ಅಳೆದು ತೋರಿಸಿದರು.

"ನಮ್ಮ ಪುಟ ಸರಾಸರಿ ಮೂರು ಸೆಕೆಂಡಿನಲ್ಲಿ ತೆರೆಯುತ್ತದೆ" ಎಂದೂ ಅಣ್ಣನು ಹೇಳಿದನು. ಈ ‘ಸರಾಸರಿ’ ಎಂಬ ಶಬ್ದದಲ್ಲಿಯೇ ಮೋಸವಿದೆಯೆಂಬುದು ನನ್ನ ನಮ್ರ ಅಭಿಪ್ರಾಯ. ಇದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಯೂಟ್ಯೂಬಿನಲ್ಲಿ ಕೆಲಸ ಮಾಡಿದ್ದ ಕ್ರಿಸ್ ಝಕಾರಿಯಾಸ್ ಎಂಬ ತಂತ್ರಜ್ಞರು ತಮ್ಮ ಅನುಭವವನ್ನು 2012ರಲ್ಲಿ ಬರೆದರು. ವೀಡಿಯೋ ತೋರಿಸುವ ಪುಟ ಆಗ 1.2 ಮೆಗಾಬೈಟ್ ಇತ್ತು. ಅವರು ಅದನ್ನು ಕೊರೆದು ಕೆತ್ತಿ ನೂರು ಕಿಲೋಬೈಟಿಗಿಂತ ಕೆಳಗೆ ಇಳಿಸಿದರು. ‘ಗರಿ’ ಎಂಬರ್ಥದ ಹೆಸರನ್ನೂ ಇಟ್ಟರು. ಕೆಲವರಿಗೆ ಅದನ್ನು ಕೊಟ್ಟು ಪರೀಕ್ಷಿಸಿದಾಗ ವಿಚಿತ್ರವೊಂದು ಕಂಡಿತು: ಪುಟ ತೆರೆಯುವ ಸರಾಸರಿ ಕಾಲ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು! ತಲೆ ಕೆಡಿಸಿಕೊಂಡು ಹುಡುಕಿದ ಮೇಲೆ ಕಾರಣ ತಿಳಿಯಿತು. ಆಗ್ನೇಯ ಏಷ್ಯ, ಆಫ್ರಿಕ, ದಕ್ಷಿಣ ಅಮೆರಿಕಗಳ ದೂರದ ಮೂಲೆಗಳಿಂದ, ಅದುವರೆಗೆ ಬರುವುದಕ್ಕೇ ಆಗದಿದ್ದ ಜನ ಬರತೊಡಗಿದ್ದರು. ಹಳೆಯ ಪುಟಕ್ಕಾಗಿ ಅವರು ಇಪ್ಪತ್ತು ನಿಮಿಷ ಕಾಯಬೇಕಿತ್ತು, ಯಾರು ಕಾದಾರು? ಹೊಸದು ಅವರಿಗೆ ಎರಡು ನಿಮಿಷದಲ್ಲಿ ತೆರೆಯಿತು. ಎರಡು ನಿಮಿಷವೂ ನಿಧಾನವೇ, ಆದ್ದರಿಂದ ಸರಾಸರಿ ಏರಿತು. ಆದರೆ ಅವರು ಬಂದರು.

ನನ್ನ ಸಹಪಾಠಿಯ ಮೂರು ಸಂಜೆಗಳನ್ನು ಆ ವಿದ್ಯಾರ್ಥಿವೇತನದ ತಾಣ ಎಲ್ಲಿ ಬರೆದುಕೊಂಡಿದೆ? ತಲುಪಿದ ಅರ್ಜಿಗಳ ಸಂಖ್ಯೆ ಅದರ ಬಳಿ ಇರುತ್ತದೆ, ತಲುಪದವುಗಳದು ಇರುವುದಿಲ್ಲ. ಮೇಲಧಿಕಾರಿಗಳ ಮೇಜಿಗೆ ಹೋಗುವ ವರದಿಯಲ್ಲಿ ಎಲ್ಲವೂ ಸುಸೂತ್ರವಾಗಿರುತ್ತದೆ.

"ಟವರ್ ಬಂದರೆ ಎಲ್ಲವೂ ಸರಿಹೋದೀತು" ಎನ್ನುವ ಹಿರಿಯರಿದ್ದಾರೆ. ಸಿಗ್ನಲ್ ಇಲ್ಲದ ಹಳ್ಳಿಗಳಿಗೆ 4ಜಿ ತಲುಪಿಸಲು ಕೇಂದ್ರ ಸರ್ಕಾರ 2022ರಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟದ್ದೂ ನಿಜ. ಬರಲಿ, ಬೇಡವೆನ್ನುವವರಾರು? ಆದರೆ ನಮ್ಮ ಕಡೆ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಟವರಿನ ಬ್ಯಾಟರಿಯೂ ಮಲಗುತ್ತದೆಂಬುದನ್ನು ಘಟ್ಟದ ಮೇಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಕೆಲವರು ‘ಸರ್ವರ್ ಡೌನ್’ ಎಂಬ ಒಂದೇ ಮಂತ್ರದಿಂದ ಎಲ್ಲವನ್ನೂ ವಿವರಿಸುತ್ತಾರೆ. 2023ರ ಜೂನಿನಲ್ಲಿ ಗೃಹಜ್ಯೋತಿಯ ನೋಂದಣಿ ಆರಂಭವಾದಾಗ ಜನಸಂದಣಿಗೆ ಸರ್ವರ್ ತತ್ತರಿಸಿದ್ದು ಹೌದು. ಅದು ಜಾತ್ರೆಯ ನೂಕುನುಗ್ಗಲು. ನಾನು ಹೇಳುತ್ತಿರುವುದು, ಗದ್ದಿಗೆಗೆ ಬರುವ ಪ್ರತಿಯೊಬ್ಬ ಭಕ್ತನ ತಲೆಯ ಮೇಲೂ ಒಂದು ಕಲ್ಲು ಹೊರಿಸುವ ಸಂಗತಿ.

ಕನ್ನಡವೇ ಭಾರ ಎಂಬ ಆಕ್ಷೇಪವನ್ನೂ ಕೇಳಿದ್ದೇನೆ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ್ದಕ್ಕೆ ಮೂರು. ಗಣಕವು ಗುಡಿಸನ್ನೂ ಬೇರೆಯಾಗಿಯೇ ಎಣಿಸುವುದರಿಂದ ‘ಶಿರಸಿ’ ಎಂದು ಬರೆಯಲು ಹದಿನೈದು ಬೈಟ್ ಬೇಕು, ಇಂಗ್ಲಿಷಿನಲ್ಲಾದರೆ ಐದೇ. ಆದರೆ ಲೆಕ್ಕ ಹಾಕಿ ನೋಡಿರಿ. ಅರ್ಧ ಮೆಗಾಬೈಟಿನ ಒಂದು ಭಾವಚಿತ್ರದ ಜಾಗದಲ್ಲಿ ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಕನ್ನಡ ಅಕ್ಷರಗಳು ಹಿಡಿಯುತ್ತವೆ. ಪುಟಕ್ಕೆ ಸಾವಿರದೈನೂರರಂತೆ ನೂರು ಪುಟದ ಸಂಚಿಕೆಯೊಂದು ಮುಗಿದು ಇನ್ನೂ ಸ್ಥಳ ಮಿಕ್ಕುತ್ತದೆ! ಅಲ್ಲದೆ ಕನ್ನಡದ ಪ್ರತಿ ಅಕ್ಷರದ ಮೊದಲ ಬೈಟ್ ಒಂದೇ ಆಗಿರುವುದರಿಂದ, ಕಳುಹಿಸುವ ಮೊದಲು ಒತ್ತಿ ಅಡಕಗೊಳಿಸಿದರೆ ಅದು ಚೆನ್ನಾಗಿ ಕುಗ್ಗುತ್ತದೆ. ನುಡಿಯ ಮೇಲೆ ತಪ್ಪು ಹೊರಿಸುವುದು ಸುಲಭ, ಭಾವಚಿತ್ರ ತೆಗೆಯಿರೆಂದು ಹೇಳುವುದು ಕಷ್ಟ.

ಫೇಸ್‌ಬುಕ್ ಕಂಪನಿಯವರು 2015ರಲ್ಲಿ ಒಂದು ಏರ್ಪಾಡು ಮಾಡಿದ್ದರು. ಮಂಗಳವಾರಗಳಂದು ಇಚ್ಛೆಯುಳ್ಳ ನೌಕರರಿಗೆ ಒಂದು ಗಂಟೆ ಕಾಲ ತಮ್ಮದೇ ತಾಣವು 2ಜಿ ವೇಗದಲ್ಲಿ ಕಾಣುವಂತೆ, ಭಾರತದಂಥ ದೇಶಗಳ ಬಳಕೆದಾರರ ಪಾಡು ತಿಳಿಯಲೆಂದು. ಮಂಗಳವಾರ ಶಿರಸಿಯವರಿಗೆ ಅಮ್ಮನ ವಾರ; ನಮ್ಮ ರಾಜ್ಯದ ಸೇವಾತಾಣಗಳನ್ನು ಕಟ್ಟುವವರಿಗೂ ಅಂತಹದೊಂದು ವಾರ ಬೇಕು. ದೀಪಾವಳಿಗೆ ಅಣ್ಣ ಊರಿಗೆ ಬಂದಾಗ ಅವನ ಕೈಗೆ ನನ್ನ ಹಳೆಯ ಫೋನನ್ನು ಕೊಟ್ಟು ನಮ್ಮ ಬೆಟ್ಟಕ್ಕೆ ಕರೆದೊಯ್ದೆ. ತಾನು ಕಟ್ಟಿದ ಪುಟವನ್ನೇ ತೆರೆದನು. ನಾಲ್ಕು ನಿಮಿಷ ಕಾದು, ಮಾತಾಡದೆ, ಕೈಯಲ್ಲಿ ಹತ್ತಿದ ಉಂಬಳವನ್ನು ಕಿತ್ತೊಗೆದು ಮತ್ತೆ ಕಾದನು.

ನಾವೂ ಸಾಚಾಗಳಲ್ಲ. ನಮ್ಮ ತರಗತಿಯ ವಾಟ್ಸಾಪ್ ಬಳಗದಲ್ಲಿ ಪರೀಕ್ಷೆಯ ವೇಳಾಪಟ್ಟಿಯನ್ನು ಯಾರಾದರೊಬ್ಬರು ಫೋಟೋ ಹೊಡೆದು ಹಾಕುತ್ತೇವೆ, ಮತ್ತೊಬ್ಬರು ಅದನ್ನೇ ಸ್ವಚ್ಛವಾಗಿಲ್ಲವೆಂದು ಇನ್ನೂ ದೊಡ್ಡದಾಗಿ ಹಾಕುತ್ತಾರೆ. ಈ ಸಲ ನಾಲ್ವರು ಗೆಳೆಯರು ಕೂಡಿ ಸರದಿಯಂತೆ ಅದನ್ನು ಅಕ್ಷರದಲ್ಲಿ ಟೈಪು ಮಾಡಿ ಕಳುಹಿಸುತ್ತಿದ್ದೇವೆ. ಮೊದಲನೆಯ ಸರದಿ ನನ್ನದಾಗಿತ್ತು. ಅರ್ಥಶಾಸ್ತ್ರದ ದಿನಾಂಕವನ್ನು ತಪ್ಪಾಗಿ ಬರೆದು ಬೈಸಿಕೊಂಡೆ. ಯಲ್ಲಾಪುರದ ಆ ಸಹಪಾಠಿ ಅದನ್ನು ಮನೆಯ ಹಿತ್ತಿಲಿನಲ್ಲಿಯೇ ಓದಿದಳಂತೆ, ತಪ್ಪನ್ನು ಮೊದಲು ಹಿಡಿದವಳೂ ಅವಳೇ.